ಗ್ರೂಪಿನಲ್ಲಿ ಇಲ್ಲದವರಿಗೂ ಒಂದು ಫೋನು

ಕೋಲಾರದ ಕಡೆ ಈಗ ಸುದ್ದಿ ಎಂಬುದೆಲ್ಲ ವಾಟ್ಸಾಪಿನಲ್ಲೇ ಓಡಾಡುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಹರಾಜು ಇನ್ನೂ ನಡೆಯುತ್ತಿರುವಾಗಲೇ 15 ಕೆ.ಜಿ. ಬಾಕ್ಸಿನ ರೇಟು ಹಳ್ಳಿಯ ಗ್ರೂಪಿಗೆ ಬಂದಿರುತ್ತದೆ. 2023ರ ಜುಲೈನಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತಲ್ಲ, ಅದು ನಮ್ಮ ಊರಿನವರಿಗೆ ಗೊತ್ತಾಗಿದ್ದೂ ಹಾಗೆಯೇ. ಯಾರೋ ಮಂಡಿ ಬಿಲ್ಲಿನ ಫೋಟೊ ಹಾಕಿದ್ದರು. ಮಕ್ಕಳ ಹೋಂವರ್ಕ್, ಕರೆಂಟ್ ಹೋಗುವ ಹೊತ್ತು, ಟ್ಯಾಂಕರ್ ನೀರು ಬರುವ ದಿನ, ಲಗ್ನಪತ್ರಿಕೆ, ನಾಮಕರಣ, ಸಾವು. ಎಲ್ಲದಕ್ಕೂ ಒಂದೊಂದು ಗ್ರೂಪು.

ನಮ್ಮ ಜಿಲ್ಲೆಯಲ್ಲಿ ಮನೆಮಾತು ತೆಲುಗು, ಓದಿದ್ದು ಕನ್ನಡ ಎನ್ನುವ ಕುಟುಂಬಗಳು ಬಹಳ. ಬರೆಯಲು ಹಿಂಜರಿಯುವ ಹಿರಿಯರಿಗೆ ವಾಯ್ಸ್ ಮೆಸೇಜ್ ಬಂದ ಮೇಲೆ ದಾರಿ ಸಲೀಸಾಯಿತು. ಮೈಕಿನ ಗುರುತು ಒತ್ತಿ ಹಿಡಿದು, ತೆಲುಗಿನಲ್ಲೋ ಕನ್ನಡದಲ್ಲೋ ಎರಡೂ ಬೆರೆಸಿಯೋ ಹೇಳಬೇಕಾದ್ದು ಹೇಳಿ ಕೈ ಬಿಟ್ಟರಾಯಿತು. ಮುಳಬಾಗಿಲಿನಲ್ಲಿರುವ ನಮ್ಮ ದೊಡ್ಡಮ್ಮ ಬೆಳಗ್ಗೆ ಕಾಫಿ ಕುಡಿದ ಮೇಲೆ ಹೀಗೆ ಎಲ್ಲರನ್ನೂ ಮಾತಾಡಿಸುತ್ತಾರೆ. ಒಂದು ದಿನ ಅವರ ಧ್ವನಿ ಬರಲಿಲ್ಲ ಎಂದರೆ ಮನೆಯಲ್ಲಿ ಎಲ್ಲರಿಗೂ ಕಸಿವಿಸಿ. ಯಾರಾದರೊಬ್ಬರು ಫೋನ್ ಮಾಡಿ ವಿಚಾರಿಸುತ್ತೇವೆ.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣ ಇದೆ. ಫೋನಿನ ಗೋಪ್ಯತೆ ಬಗ್ಗೆ ಬರೆಯುವವರು ಸಾಮಾನ್ಯವಾಗಿ "ಆ ಆ್ಯಪ್ ಬಿಡಿ, ಈ ಆ್ಯಪ್ ಹಾಕಿಕೊಳ್ಳಿ" ಎಂದು ಮುಗಿಸಿಬಿಡುತ್ತಾರೆ. ನಮ್ಮ ಕಡೆ ವಾಟ್ಸಾಪ್ ಬಿಡುವುದು ಎಂದರೆ ದೊಡ್ಡಮ್ಮನ ಧ್ವನಿ, ಮಂಡಿಯ ರೇಟು, ಊರಿನ ಸಾವು ಬದುಕು ಎಲ್ಲದರಿಂದ ಒಟ್ಟಿಗೇ ಹೊರಗೆ ಹೋದ ಹಾಗೆ. ಅಷ್ಟು ದೊಡ್ಡ ಬೆಲೆ ಕೊಟ್ಟು ಹೊರಗೆ ಹೋದವನೊಬ್ಬ ನನಗೆ ಬಹಳ ಹತ್ತಿರದವನು. ಅವನು ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಒಳಗೇ ಉಳಿದವರು ಅವನ ವಿಷಯದಲ್ಲಿ ಮಾಡಬೇಕಾದ್ದು ಏನೋ ಇದೆ ಎಂದು ಮಾತ್ರ ಬಲವಾಗಿ ಅನ್ನಿಸುತ್ತದೆ.

ಅವನು ನನ್ನ ಬಾಲ್ಯದ ಗೆಳೆಯ. ಒಂದೇ ಊರು, ಒಂದೇ ಹೈಸ್ಕೂಲು. ಈಗ ಬೆಂಗಳೂರಿನಲ್ಲಿ ಕೆಲಸ, ಹಬ್ಬಕ್ಕೆ ಊರಿಗೆ ಬರುತ್ತಾನೆ. 2021ರ ಜನವರಿಯಲ್ಲಿ ವಾಟ್ಸಾಪ್ ತೆರೆದವರಿಗೆಲ್ಲ ಒಂದು ನೋಟಿಸು ಕಾಣಿಸಿತು, ನೆನಪಿದೆ ಅಲ್ವಾ? ಹೊಸ ನಿಯಮ ಒಪ್ಪಿಕೊಳ್ಳಿ, ಫೆಬ್ರವರಿ 8ರ ಒಳಗೆ ಒಪ್ಪದಿದ್ದರೆ ಖಾತೆ ನಡೆಯುವುದಿಲ್ಲ ಎಂದು. ಗಲಾಟೆ ಜಾಸ್ತಿಯಾಗಿ ಗಡುವನ್ನು ಮೇ 15ಕ್ಕೆ ತಳ್ಳಿದರು. ಆಮೇಲೆ ಖಾತೆ ನಿಲ್ಲಿಸುವುದಿಲ್ಲ ಎಂದೂ ಹೇಳಿದರು. ನನ್ನ ಗೆಳೆಯ ಅಷ್ಟು ದಿನ ಕಾಯಲಿಲ್ಲ. ಸಿಗ್ನಲ್ ಎಂಬ ಇನ್ನೊಂದು ಮೆಸೇಜ್ ಆ್ಯಪ್ ಹಾಕಿಕೊಂಡು, ಎಲ್ಲ ಗ್ರೂಪಿಗೂ ಒಂದು ನಮಸ್ಕಾರ ಬರೆದು, ಖಾತೆ ಅಳಿಸಿ ಹೊರಟುಬಿಟ್ಟ.

ಆಗ ನಮ್ಮ ಊರಿನಲ್ಲಿ ಹರಡಿದ ಮಾತು ಏನೆಂದರೆ, ವಾಟ್ಸಾಪ್‌ನವರು ಇನ್ನು ಮೇಲೆ ನಮ್ಮ ಮೆಸೇಜ್ ಓದುತ್ತಾರಂತೆ. ಅದು ನಿಜವಾಗಿರಲಿಲ್ಲ. 2016ರ ಏಪ್ರಿಲ್‌ನಿಂದ ವಾಟ್ಸಾಪಿನ ಖಾಸಗಿ ಮಾತುಕತೆಗೆ ಪೂರ್ತಿ ಬೀಗ ಇದೆ. ಕಳಿಸಿದವರ ಫೋನು, ಪಡೆದವರ ಫೋನು, ಈ ಎರಡು ಕಡೆ ಬಿಟ್ಟರೆ ನಡುವೆ ಎಲ್ಲೂ ಅದನ್ನು ಓದಲಾಗುವುದಿಲ್ಲ. ಆ ಬೀಗದ ವಿಧಾನ ಸಿಗ್ನಲ್ ಕಟ್ಟಿದವರದ್ದೇ. ಗೆಳೆಯನಿಗೆ ಇದೆಲ್ಲ ಗೊತ್ತಿತ್ತು. ಅವನ ಆತಂಕ ಬೇರೆ ಇತ್ತು. ಮಾತು ಗೊತ್ತಾಗದಿದ್ದರೂ, ಯಾರು ಯಾರಿಗೆ ಯಾವ ಹೊತ್ತಿಗೆ ಎಷ್ಟು ಸಲ ಮಾತಾಡಿದರು ಎನ್ನುವುದು ಕಂಪನಿಗೆ ಗೊತ್ತಾಗುತ್ತದೆ. ಯಾವ ಯಾವ ಗ್ರೂಪಿನಲ್ಲಿ ಇದ್ದೀವಿ, ನಮ್ಮ ಫೋನಿನಲ್ಲಿ ಯಾರ ಯಾರ ನಂಬರ್ ಇದೆ, ಅದೂ ಗೊತ್ತಾಗುತ್ತದೆ.

ಇದು ಸಣ್ಣ ವಿಷಯ ಅನ್ನಿಸುವವರು ಒಂದು ರಾತ್ರಿಯ ಲೆಕ್ಕ ನೋಡಿ. ಒಬ್ಬ ರೈತ ರಾತ್ರಿ ಹನ್ನೊಂದಕ್ಕೆ ಬಡ್ಡಿಗೆ ಕೊಡುವವರಿಗೆ ಮೆಸೇಜ್ ಮಾಡುತ್ತಾನೆ. ಹನ್ನೊಂದೂವರೆಗೆ ಬಾಮೈದನಿಗೆ. ಬೆಳಗ್ಗೆ ಆರಕ್ಕೆ ಚಿನ್ನದ ಸಾಲ ಕೊಡುವ ಅಂಗಡಿಗೆ, ಎಂಟಕ್ಕೆ ವಕೀಲರಿಗೆ. ಒಂದಕ್ಷರ ಓದದೆ ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಯಾರು ಬೇಕಾದರೂ ಹೇಳಬಹುದು. 2014ರಲ್ಲಿ ವಾಟ್ಸಾಪನ್ನು ಕೊಂಡುಕೊಂಡ ಫೇಸ್‌ಬುಕ್ ಕಂಪನಿ ಜಾಹೀರಾತಿನಿಂದ ಬದುಕುವ ಕಂಪನಿ. ಹಾಗಿರುವಾಗ ಅವನ ಅನುಮಾನ ಅತಿ ಎನ್ನುವ ಹಾಗಿಲ್ಲ. ಆ 2021ರ "ಒಪ್ಪು, ಇಲ್ಲದಿದ್ದರೆ ಬಿಡು" ಎಂಬ ಷರತ್ತಿಗಾಗಿ ನಮ್ಮ ದೇಶದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಕಂಪನಿಗೆ 213 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತು. ಗೆಳೆಯನನ್ನು "ಇವನಿಗೆ ಎಲ್ಲದರಲ್ಲೂ ಸಂಶಯ" ಎಂದು ಆಡಿಕೊಂಡವರು ಆ ಸುದ್ದಿ ಬಂದ ದಿನ ಏನೂ ಮಾತಾಡಲಿಲ್ಲ.

ಅವನು ಹೋದ ಮೇಲೆ ಏನಾಯಿತು ಎನ್ನುವುದು ನನಗೆ ಇನ್ನೂ ಕಾಡುವ ವಿಷಯ. ಅವನ ಸೋದರಮಾವ ತೀರಿಕೊಂಡರು. ಚಿಕ್ಕಂದಿನಲ್ಲಿ ರಜೆಗೆ ಅವರ ಮನೆಯಲ್ಲೇ ಇರುತ್ತಿದ್ದ. ತೋಟದ ಬಾವಿಯಲ್ಲಿ ಈಜು ಕಲಿಸಿದವರು ಅವರು. ರಾತ್ರಿ ಹೋದರು, ಬೆಳಗಿನ ಜಾವ ಕುಟುಂಬದ ಗ್ರೂಪಿಗೆ ಫೋಟೊ ಹಾಕಿದರು, ಮಧ್ಯಾಹ್ನ ಮಣ್ಣು ಮಾಡಿದರು. ಕೋಲಾರದಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಗೊತ್ತಾಗಿದ್ದರೆ ಆರಾಮವಾಗಿ ಬಂದು ಸೇರುತ್ತಿದ್ದ. ಅವನಿಗೆ ಗೊತ್ತಾಗಿದ್ದು ಮೂರನೇ ದಿನ, ಬೇರೆ ಯಾರೋ ಸಂತಾಪ ಹೇಳಲು ಫೋನ್ ಮಾಡಿದಾಗ.

ಹನ್ನೊಂದನೇ ದಿನಕ್ಕೆ ಬಂದ. ಅತ್ತೆ ಅವನ ಕೈ ಹಿಡಿದುಕೊಂಡು, "ಗ್ರೂಪಲ್ಲಿ ಹಾಕಿದ್ವಲ್ಲಪ್ಪ, ನೀನು ನೋಡ್ಲಿಲ್ವಾ?" ಎಂದರು. ಅವರ ಮಾತಿನಲ್ಲಿ ಆಕ್ಷೇಪ ಇರಲಿಲ್ಲ. ಅವನು ಯಾಕೆ ಬರಲಿಲ್ಲ ಎಂದು ಆ ದುಃಖದ ನಡುವೆಯೂ ಯೋಚಿಸಿದ್ದಾರೆ, ಅಷ್ಟೆ. "ನಾನು ಅದರಲ್ಲಿ ಇಲ್ಲ ಅತ್ತೆ" ಎಂದ. ಅವರಿಗೆ ಅದು ಅರ್ಥವಾಗಲಿಲ್ಲ. ಗ್ರೂಪಿನಲ್ಲಿ ಇಲ್ಲದೆ ಇರುವುದು ಹೇಗೆ ಸಾಧ್ಯ? ಕುಟುಂಬದಲ್ಲಿ ಇದ್ದೀಯಲ್ಲ!

ಅವರ ಮನೆಯವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಸಾವಿನ ಮನೆಯಲ್ಲಿ ಯಾರಿಗೂ ಸಮಾಧಾನ ಇರುವುದಿಲ್ಲ. ಒಂದು ಸಲ ಹಾಕಿದರೆ ನೂರು ಜನಕ್ಕೆ ಮುಟ್ಟುತ್ತದೆ ಎಂಬ ಅನುಕೂಲವನ್ನು ಯಾರು ಬೇಡ ಅನ್ನುತ್ತಾರೆ? ಹಿಂದಿನ ಕಾಲ ಚೆನ್ನಾಗಿತ್ತು ಎಂದೂ ನಾನು ಹೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಸಾವಿನ ಸುದ್ದಿ ಮುಟ್ಟಿಸಲು ದಲಿತ ಕೇರಿಯವರನ್ನು ಊರಿಂದೂರಿಗೆ ಬಿಟ್ಟಿಯಾಗಿ ನಡೆಸುತ್ತಿದ್ದರು. ಹೋದ ಕಡೆ ಅವರಿಗೆ ಹೊರಗೇ ನಿಲ್ಲಿಸಿ ನೀರು. ಆ ಅನ್ಯಾಯ ನಿಲ್ಲಲು ಅವರ ಹೋರಾಟವೇ ಮುಖ್ಯ ಕಾರಣ, ಫೋನೂ ಸ್ವಲ್ಪ ಸಹಾಯ ಮಾಡಿತು. ಹಾಗಾಗಿ ಆ ದಿನಗಳು ಮರಳಿ ಬರಲಿ ಎಂಬ ಆಸೆ ನನಗೆ ಇಲ್ಲ.

ನನ್ನ ಮಾತು ಇಷ್ಟೇ. ಗ್ರೂಪಿಗೆ ಹಾಕಿದ ಮೇಲೆ, ಅದರಲ್ಲಿ ಯಾರು ಇಲ್ಲ ಎಂದು ಒಬ್ಬರು ಯೋಚಿಸಬೇಕು. ಒಬ್ಬರು ಸಾಕು. ಗೋಪ್ಯತೆ ಬೇಕು ಎಂದು ಹೊರಗೆ ಹೋದವನು ನಂಟು ಬೇಡ ಎಂದು ಹೋದವನಲ್ಲ. ಹೊರಗೆ ಹೋದವರಿಗೂ ಒಂದು ಜವಾಬ್ದಾರಿ ಇದೆ. "ನನ್ನನ್ನು ಮಾತಾಡಿಸಬೇಕಾದರೆ ಸಿಗ್ನಲ್ ಹಾಕಿಕೊಳ್ಳಿ" ಎಂದು ಎಪ್ಪತ್ತು ದಾಟಿದ ಅತ್ತೆಗೆ ಹೇಳುವುದು ಸರಿಯಲ್ಲ. ಗೆಳೆಯ ಈಗ ಪ್ರತಿ ಭಾನುವಾರ ಸಂಜೆ ಹಿರಿಯರಿಗೆಲ್ಲ ತಾನೇ ಮಾಮೂಲಿ ಫೋನ್ ಮಾಡುತ್ತಾನೆ. ಅತ್ತೆಗೆ ಅದು ಎಷ್ಟು ಇಷ್ಟವಾಗಿದೆ ಎಂದರೆ, ಗ್ರೂಪಿನಲ್ಲಿ ಇರುವ ಸ್ವಂತ ಮಕ್ಕಳು ದಿನಾ ಗುಡ್ ಮಾರ್ನಿಂಗ್ ಚಿತ್ರ ಕಳಿಸುತ್ತಾರೆ, ಮಾತಾಡುವುದೇ ಇಲ್ಲ ಎಂದು ನನ್ನ ಮುಂದೆಯೇ ಹೇಳಿದರು.

ಅವನ ಮನೆಯಲ್ಲಿ ಇನ್ನೊಂದು ವಿಷಯ ಗಮನಿಸಿದೆ. ಅವನು ವಾಟ್ಸಾಪ್ ಬಿಟ್ಟಿದ್ದಾನೆ, ಅವನ ಹೆಂಡತಿ ಬಿಟ್ಟಿಲ್ಲ. ಬಿಡುವ ಹಾಗೂ ಇಲ್ಲ. ಮಗಳ ಶಾಲೆಯ ಸೂಚನೆ, ಶಾಲಾ ವ್ಯಾನಿನ ಸಮಯ, ಅಪಾರ್ಟ್‌ಮೆಂಟಿನ ನೀರು, ಗ್ಯಾಸ್ ಬುಕಿಂಗ್, ಗಂಡನ ಕಡೆಯ ನೆಂಟರ ಶುಭಕಾರ್ಯ ಎಲ್ಲ ಆಕೆಯ ಫೋನಿಗೇ ಬರುತ್ತವೆ. ಮನೆಯ ನಂಟು ನಿಭಾಯಿಸುವ ಕೆಲಸ ಪೂರ್ತಿ ಆಕೆಯ ತಲೆ ಮೇಲೆ ಬಿತ್ತು. ಒಂದು ದಿನ ಊಟಕ್ಕೆ ಕೂತಾಗ ಆಕೆಯೇ ಹೇಳಿದರು, "ಅಣ್ಣ, ಇವರ ಪ್ರೈವೆಸಿಗೆ ನನ್ನ ಫೋನ್ ದುಡೀತಾ ಇದೆ." ಗೆಳೆಯ ಸುಮ್ಮನೆ ಕೇಳಿಸಿಕೊಂಡ. ಈಗ ಶಾಲೆಯ ವಿಷಯ ಅವನು ನೇರವಾಗಿ ಟೀಚರಿಗೆ ಫೋನ್ ಮಾಡಿ ತಿಳಿದುಕೊಳ್ಳುತ್ತಾನೆ. ಗಂಡಸರು ಗೋಪ್ಯತೆಯ ಬಗ್ಗೆ ತತ್ವ ಹೇಳುವಾಗ ಮನೆಯಲ್ಲಿ ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ನೋಡಬೇಕು. ಈ ಮಾತನ್ನು ಎಲ್ಲೂ ಯಾರೂ ಹೇಳಿದ್ದು ನಾನು ಓದಿಲ್ಲ.

ಇನ್ನು ನನ್ನ ಕಡೆಯ ಮಾತು. ಕೋಲಾರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪ್ರಿಂಟು, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಮೊದಲು ಜನ ಕಾಗದ ಹಿಡಿದು ಬರುತ್ತಿದ್ದರು. ಈಗ ಬಂದ ಕೂಡಲೇ "ಅಣ್ಣ, ನಂಬರ್ ಹೇಳಿ, ವಾಟ್ಸಾಪ್ ಮಾಡ್ತೀನಿ" ಅನ್ನುತ್ತಾರೆ. ಆಧಾರ್, ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಗರ್ಭಿಣಿಯರ ಸ್ಕ್ಯಾನಿಂಗ್ ರಿಪೋರ್ಟು, ಗಂಡ ಹೆಂಡತಿ ಜಗಳದ ಪೊಲೀಸ್ ದೂರು. ಎಲ್ಲ ಒಬ್ಬ ಅಪರಿಚಿತನ ಫೋನಿಗೆ. ಆ ಗಟ್ಟಿ ಬೀಗ ನಮ್ಮ ಅಂಗಡಿಯ ಬಾಗಿಲಿನವರೆಗೆ ಬಂದು ಅಲ್ಲಿಗೆ ಮುಗಿಯಿತು. ಆಮೇಲೆ ಆ ಕಾಗದ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕೂತಿರುತ್ತದೆ. ಮುಂದಿನ ಗಿರಾಕಿ ಪೆನ್‌ಡ್ರೈವ್ ಹಾಕಿ ತನ್ನ ಫೈಲ್ ಹುಡುಕುವಾಗ ಹಿಂದಿನವರ ಆಧಾರ್ ಅವರಿಗೆ ಕಾಣುತ್ತದೆ.

ನಾನು ಪ್ರಿಂಟ್ ಕೊಟ್ಟ ಕೂಡಲೇ ಗಿರಾಕಿಯ ಎದುರಿಗೇ ಫೈಲು, ಮೆಸೇಜು ಎರಡನ್ನೂ ಅಳಿಸುತ್ತೇನೆ. ಸಂಜೆ ಬಾಗಿಲು ಹಾಕುವ ಮುಂಚೆ ಇನ್ನೊಂದು ಸಲ ನೋಡುತ್ತೇನೆ. ಎಲ್ಲ ಅಂಗಡಿಯಲ್ಲೂ ಹೀಗೆ ಮಾಡುತ್ತಾರೆ ಎಂದು ನಂಬಬೇಡಿ, ನೀವೇ ನಿಂತು ಅಳಿಸಿ ಎಂದು ಹೇಳಿ. ಹೇಳಲು ಸಂಕೋಚ ಬೇಡ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಬಹುದು. ಬಹಳ ಕಡೆ ಅಷ್ಟು ಸಾಕಾಗುತ್ತದೆ.

ಇದಕ್ಕಿಂತ ನನ್ನನ್ನು ಹೆದರಿಸುವುದು ಇನ್ನೊಂದು. ಕೆಲವರು ನಮ್ಮ ಕಂಪ್ಯೂಟರಿನಲ್ಲೇ ತಮ್ಮ ವಾಟ್ಸಾಪ್ ತೆರೆಯುತ್ತಾರೆ. ಪರದೆಯ ಮೇಲಿನ ಚೌಕದ ಗುರುತನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಎಲ್ಲ ಮೆಸೇಜೂ ಇಲ್ಲಿ ತೆರೆದುಕೊಳ್ಳುತ್ತದೆ. ಪ್ರಿಂಟ್ ಸಿಕ್ಕಿತು, ದುಡ್ಡು ಕೊಟ್ಟರು, ಬಸ್ ಬಂತು ಎಂದು ಓಡಿದರು. ಅವರು ಮುಳಬಾಗಿಲು ಮುಟ್ಟುವ ಹೊತ್ತಿಗೆ ಅವರ ಮನೆಯ ಮಾತೆಲ್ಲ ನನ್ನ ಪರದೆಯ ಮೇಲೆ ಬರುತ್ತಾ ಇರುತ್ತದೆ. ನಾನು ಕಂಡ ತಕ್ಷಣ ಲಾಗ್‌ಔಟ್ ಮಾಡುತ್ತೇನೆ. ಕೆಲವು ಮನೆಗಳಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ. ಹೆಂಡತಿ ಅಡುಗೆ ಮಾಡುವಾಗ ಅವಳ ಫೋನ್ ತೆಗೆದುಕೊಂಡು ಅರ್ಧ ನಿಮಿಷದಲ್ಲಿ ಇನ್ನೊಂದು ಕಡೆ ಜೋಡಿಸಿಬಿಡುತ್ತಾರೆ. ಆಮೇಲೆ ತವರಿಗೆ ಅವಳು ಹೇಳಿದ್ದೆಲ್ಲ ಗಂಡನಿಗೋ ಮೈದುನನಿಗೋ ಗೊತ್ತಾಗುತ್ತಾ ಹೋಗುತ್ತದೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಲಿಂಕ್ಡ್ ಡಿವೈಸಸ್ ಎಂದು ಒಂದು ಜಾಗ ಇದೆ. ಯಾವ ಯಾವ ಕಂಪ್ಯೂಟರಿಗೆ ನಿಮ್ಮ ಖಾತೆ ಜೋಡಿಸಿದೆ ಎಂದು ಅಲ್ಲಿ ಕಾಣುತ್ತದೆ. ಗೊತ್ತಿಲ್ಲದ್ದು ಏನಾದರೂ ಇದ್ದರೆ ಒತ್ತಿ ತೆಗೆದುಹಾಕಬಹುದು. ಅಂಗಡಿಗೆ ಬರುವ ಹೆಣ್ಣುಮಕ್ಕಳಿಗೆ, ಅದರಲ್ಲೂ ನರಸಾಪುರದ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುವ ಹುಡುಗಿಯರಿಗೆ, ನಾನು ಇದೊಂದನ್ನು ತೋರಿಸಿಯೇ ಕಳಿಸುತ್ತೇನೆ.

ಮದುವೆಯ ಬಯೋಡೇಟಾ ಬಗ್ಗೆ ಹೇಳಲೇಬೇಕು. ಹುಡುಗಿಯ ಹೆಸರು, ಹುಟ್ಟಿದ ದಿನ, ಹೊತ್ತು, ರಾಶಿ ನಕ್ಷತ್ರ, ಎತ್ತರ, ಬಣ್ಣ, ಸಂಬಳ, ಅಪ್ಪನ ಕೆಲಸ, ಎಷ್ಟು ಎಕರೆ, ಮನೆ ವಿಳಾಸ, ಫೋನ್ ನಂಬರ್, ಎರಡು ಫೋಟೊ. ಒಂದೇ ಪುಟದಲ್ಲಿ ಒಬ್ಬಳ ಇಡೀ ಬದುಕು. ನಮ್ಮಲ್ಲಿ ಟೈಪ್ ಮಾಡಿಸಿಕೊಂಡು ಹೋಗಿ ಒಬ್ಬ ಬ್ರೋಕರಿಗೆ ಕಳಿಸುತ್ತಾರೆ. ಅವರು ಸಮುದಾಯದ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದ ಚಿಂತಾಮಣಿ, ಹೊಸಕೋಟೆ, ಆಂಧ್ರದ ಗಡಿಯಾಚೆಯ ಪಲಮನೇರು. ನಮ್ಮ ಸಂಬಂಧದ ಹುಡುಗಿಯೊಬ್ಬಳಿಗೆ ಮದುವೆಯಾಗಿ ಮಗುವಾದ ಮೇಲೂ "ನಿಮ್ಮ ಮಗಳ ಜಾತಕ ಬಂದಿದೆ" ಎಂದು ಅವರಪ್ಪನಿಗೆ ಫೋನ್ ಬರುತ್ತಿತ್ತು. ಗಂಡನ ಮನೆಯಲ್ಲಿ ಒಬ್ಬರು ಆ ಫೋಟೊ ಯಾವುದೋ ಗ್ರೂಪಿನಲ್ಲಿ ನೋಡಿ, ಇದು ಇನ್ನೂ ಯಾಕೆ ಓಡಾಡುತ್ತಿದೆ ಎಂದು ಕೇಳಿದರು. ಆ ಹುಡುಗಿ ಏನು ಉತ್ತರ ಹೇಳಬೇಕು? ಇದಕ್ಕೆ ಯಾವ ಆ್ಯಪಿನ ಬೀಗವೂ ಉಪಯೋಗವಿಲ್ಲ. ಸಿಗ್ನಲ್‌ನಲ್ಲಿ ಕಳಿಸಿದ್ದರೂ ಹೀಗೇ ಆಗುತ್ತಿತ್ತು. ಈಗ ನಮ್ಮ ಅಂಗಡಿಗೆ ಬರುವವರಿಗೆ ನಾನು ಹೇಳುವುದು, ಮೊದಲ ಸಲ ಕಳಿಸುವ ಪುಟದಲ್ಲಿ ಫೋಟೊ, ವಿಳಾಸ, ಹುಡುಗಿಯ ನಂಬರ್ ಬೇಡ. ಮನೆಯ ಹಿರಿಯರ ಒಂದು ನಂಬರ್ ಸಾಕು. ಎರಡೂ ಕಡೆ ಮನಸ್ಸಾದ ಮೇಲೆ ಫೋಟೊ ತೋರಿಸಿ, ಆದಷ್ಟೂ ಮನೆಗೆ ಹೋಗಿ. ಕೆಲವರು ಒಪ್ಪುತ್ತಾರೆ. ಬ್ರೋಕರುಗಳಿಗೆ ಇದು ಇಷ್ಟವಿಲ್ಲ.

ಕಾನೂನು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಗೋಪ್ಯತೆ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ದೇಶದ ಎಲ್ಲರ ಪರವಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಪರಿಚಯ ಮಾಡಿಸಬೇಕು ಎಂದು ನನಗೆ ಆಸೆ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ ಅಥವಾ ಮನೆಯ ಉಪಯೋಗಕ್ಕೆ ಮಾಹಿತಿ ಬಳಸಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಕುಟುಂಬದ ಗ್ರೂಪಿನಲ್ಲಿ ಅತ್ತಿಗೆಯ ಆಸ್ಪತ್ರೆ ರಿಪೋರ್ಟನ್ನು ಅವರನ್ನು ಕೇಳದೆ ಹಾಕಿದರೆ ಈ ಕಾಯ್ದೆ ಹಿಡಿದು ಯಾರೂ ಕೇಳಲು ಬರುವುದಿಲ್ಲ. ನಾವೇ ನಮ್ಮ ನಮ್ಮಲ್ಲಿ ಕೇಳಿಕೊಳ್ಳಬೇಕು.

ಸರ್ಕಾರದ ಕಡೆಯಿಂದ ಇನ್ನೊಂದು ಒತ್ತಡ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ವಾಟ್ಸಾಪಿನಲ್ಲಿ ಹರಡಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅಂಥ ಸಾವುಗಳಾದ ಮೇಲೆ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸುವ ಮಿತಿ ತಂದಿತು. ಸರ್ಕಾರ 2021ರ ಐಟಿ ನಿಯಮಗಳಲ್ಲಿ, ಕೋರ್ಟು ಅಥವಾ ಅಧಿಕಾರ ಇರುವ ಸರ್ಕಾರಿ ಅಧಿಕಾರಿ ಆದೇಶ ಮಾಡಿದರೆ ಮೆಸೇಜನ್ನು ಮೊದಲು ಕಳಿಸಿದವರು ಯಾರು ಎಂದು ಹೇಳಬೇಕು ಎಂದಿತು. ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಬೀಗ ಮುರಿಯಿರಿ ಎಂದರೆ ದೇಶ ಬಿಟ್ಟು ಹೋಗುತ್ತೇವೆ ಎಂದು 2024ರ ಏಪ್ರಿಲ್‌ನಲ್ಲಿ ಅಲ್ಲಿ ಹೇಳಿತು. ಆ ಯುವಕನ ತಾಯಿಯ ಜಾಗದಲ್ಲಿ ನಿಂತರೆ ಸುಳ್ಳು ಹುಟ್ಟಿಸಿದವನು ಸಿಗಬೇಕು ಎಂದು ನನಗೂ ಅನ್ನಿಸುತ್ತದೆ. ಆದರೆ ಒಬ್ಬನನ್ನು ಹಿಡಿಯಲು ಎಲ್ಲರ ಪ್ರತಿಯೊಂದು ಮೆಸೇಜಿಗೂ ಗುರುತು ಹಾಕಿ ಇಡಬೇಕಾಗುತ್ತದೆ. ದೊಡ್ಡಮ್ಮನ ಬೆಳಗಿನ ಮಾತಿಗೂ. ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಯಾವ ಆ್ಯಪು? ಅಂಗಡಿಯಲ್ಲಿ ದಿನಾ ಕೇಳುತ್ತಾರೆ. ನನ್ನ ಫೋನಿನಲ್ಲಿ ವಾಟ್ಸಾಪ್, ಸಿಗ್ನಲ್ ಎರಡೂ ಇವೆ. ಸಿಗ್ನಲ್ ನಡೆಸುವುದು ಲಾಭಕ್ಕಾಗಿ ಇರದ ಸಂಸ್ಥೆ. 2016ರಲ್ಲಿ ಅಮೆರಿಕದ ತನಿಖೆಯವರು ಒಬ್ಬರ ಮಾಹಿತಿ ಕೇಳಿದಾಗ, ಖಾತೆ ತೆರೆದ ಸಮಯ ಮತ್ತು ಕೊನೆಯ ಸಲ ಜೋಡಣೆಯಾದ ಸಮಯ ಬಿಟ್ಟು ಕೊಡಲು ಅವರ ಹತ್ತಿರ ಬೇರೆ ಏನೂ ಇರಲಿಲ್ಲ. ನನಗೆ ನಂಬಿಕೆ ಬಂದದ್ದು ಇದರಿಂದ. ಟೆಲಿಗ್ರಾಂ ಬಹಳ ಗೋಪ್ಯ ಎಂದು ನಮ್ಮ ಕಡೆ ಹುಡುಗರು ನಂಬಿದ್ದಾರೆ. ಅದು ತಪ್ಪು ತಿಳಿವಳಿಕೆ. ಅಲ್ಲಿ ಪೂರ್ತಿ ಬೀಗ ಇರುವುದು ಸೀಕ್ರೆಟ್ ಚಾಟ್ ಎಂದು ಬೇರೆಯಾಗಿ ತೆರೆದರೆ ಮಾತ್ರ, ಗ್ರೂಪುಗಳಿಗೆ ಅದೂ ಇಲ್ಲ. 2025ರಲ್ಲಿ ಜೋಹೋ ಕಂಪನಿಯ ಅರಟ್ಟೈ ಎಂಬ ಮೆಸೇಜ್ ಆ್ಯಪ್ ಜೋರಾಗಿ ಹಬ್ಬಿದಾಗಲೂ ಕರೆಗಳಿಗೆ ಪೂರ್ತಿ ಬೀಗ ಇತ್ತು, ಬರೆದ ಮೆಸೇಜಿಗೆ ಆಗಿನ್ನೂ ಇರಲಿಲ್ಲ. ನಮ್ಮ ದೇಶದ್ದು ಎಂಬ ಅಭಿಮಾನದಿಂದ ಹಾಕಿಕೊಂಡವರಿಗೆ ಇದನ್ನು ಹೇಳಿದರೆ ಬೇಜಾರಾಗುತ್ತಿತ್ತು.

ಮನೆಯವರನ್ನೆಲ್ಲ ಸಿಗ್ನಲ್‌ಗೆ ಕರೆತರಲು ನಾನು ಹಠ ಹಿಡಿಯಲಿಲ್ಲ. ಅಣ್ಣ ಮತ್ತು ತಂಗಿ ಬಂದರು. ಜಮೀನಿನ ಭಾಗ, ಅಪ್ಪನ ಔಷಧಿ, ದುಡ್ಡಿನ ಕಷ್ಟ, ಇಂಥ ಮಾತು ನಾವು ಮೂವರೂ ಅಲ್ಲಿ ಆಡುತ್ತೇವೆ. ಓದಿದ ಒಂದು ವಾರಕ್ಕೆ ತಾನಾಗಿ ಅಳಿಸಿಹೋಗುವ ಹಾಗೆ ಇಟ್ಟುಕೊಂಡಿದ್ದೇವೆ. ಹಬ್ಬದ ಫೋಟೊ, ಹೋಳಿಗೆ ಮಾಡಿದ್ದು, ಕರು ಹಾಕಿದ್ದು ಎಲ್ಲ ವಾಟ್ಸಾಪಿನ ಗ್ರೂಪಿಗೆ. ದೊಡ್ಡಮ್ಮನ ಫೋನಿನಲ್ಲಿ ನಾನು ಮಾಡಿಕೊಟ್ಟಿದ್ದು ಸ್ವಲ್ಪವೇ. ಗೊತ್ತಿಲ್ಲದವರು ಗ್ರೂಪಿಗೆ ಎಳೆದುಕೊಳ್ಳದ ಹಾಗೆ ಮಾಡಿದೆ, ಎರಡನೇ ಹಂತದ ಪಿನ್ ಹಾಕಿದೆ. ಗೂಗಲ್ ಡ್ರೈವ್‌ಗೆ ಹೋಗುವ ಹಳೇ ಮೆಸೇಜಿಗೂ ಬೀಗ ಹಾಕಿದೆ. ಆ ಬೀಗ 2021ರಿಂದ ಇದೆ, ನಾವೇ ಆನ್ ಮಾಡದಿದ್ದರೆ ಇರುವುದಿಲ್ಲ. ಮದುವೆ ಪತ್ರಿಕೆ ಎಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ, ನೆಂಟರ ನಂಬರಿನಿಂದಲೇ ಬಂದಿದ್ದರೂ, ಒತ್ತಬೇಡಿ, ಆ ನೆಂಟರಿಗೇ ಫೋನ್ ಮಾಡಿ ಎಂದು ಹೇಳಿದ್ದೇನೆ. ಆ ಫೈಲ್ ಹಾಕಿಕೊಂಡರೆ ಫೋನೇ ಕಳ್ಳರ ಕೈಗೆ ಹೋಗುತ್ತದೆ.

ಜಿಯೋ ನಂಬರಿನಿಂದ ಏರ್‌ಟೆಲ್ ನಂಬರಿಗೆ ಕರೆ ಹೋಗುತ್ತದೆ. ಮೆಸೇಜ್ ಆ್ಯಪುಗಳು ಮಾತ್ರ ಯಾಕೆ ಒಂದಕ್ಕೊಂದು ಮಾತಾಡುವುದಿಲ್ಲ? ಯುರೋಪಿನಲ್ಲಿ 2024ರ ಮಾರ್ಚ್‌ನಿಂದ ಇದಕ್ಕೇ ಒಂದು ಕಾನೂನು ಜಾರಿಯಲ್ಲಿದೆ. ಬೇರೆ ಆ್ಯಪಿನವರು ಕೇಳಿದರೆ ವಾಟ್ಸಾಪ್ ಅವರಿಗೆ ಬಾಗಿಲು ತೆರೆಯಬೇಕು. ಬೀಗ ಸಡಿಲವಾಗುತ್ತದೆ ಎಂದು ಸಿಗ್ನಲ್ ಅದಕ್ಕೆ ಸೇರಲು ಹಿಂಜರಿದಿದೆ, ಅದರ ಕಾರಣವೂ ನ್ಯಾಯವಾದದ್ದೇ. ಆದರೂ ಅಂಥ ದಾರಿ ಇಲ್ಲೂ ತೆರೆದರೆ ನನ್ನ ಗೆಳೆಯನಂಥವರು ಒಂದು ಕಂಪನಿಯನ್ನು ಬಿಡಲು ಒಂದು ಕುಟುಂಬವನ್ನು ಬಿಡಬೇಕಾಗಿಲ್ಲ.

ಅಲ್ಲಿಯವರೆಗೆ ಕಾಯುತ್ತಾ ಕೂರುವ ಹಾಗಿಲ್ಲ. ಮಾವ ತೀರಿಕೊಂಡ ಮೇಲೆ ಊರಿನ ನಮ್ಮ ವಾರಿಗೆಯವರು ಒಂದು ಏರ್ಪಾಡು ಮಾಡಿಕೊಂಡೆವು. ಗ್ರೂಪಿನಲ್ಲಿ ಇಲ್ಲದವರ ಹೆಸರು ಬರೆದು ಯಾರಿಗೆ ಯಾರು ಫೋನ್ ಮಾಡಬೇಕು ಎಂದು ಹಂಚಿಕೊಂಡೆವು. ಗಂಗಮ್ಮನ ತಂಬಿಟ್ಟಿನ ದೀಪದ ದಿನ ಗೊತ್ತಾದರೆ, ಯಾರಿಗಾದರೂ ಹುಷಾರಿಲ್ಲದಿದ್ದರೆ, ಸಾವಾದರೆ, ಮೊದಲು ಆ ಪಟ್ಟಿ. ನನ್ನ ಪಾಲಿಗೆ ಗೆಳೆಯ ಬಂದಿದ್ದಾನೆ. ಇನ್ನೂ ಕೀಪ್ಯಾಡ್ ಫೋನನ್ನೇ ಇಟ್ಟುಕೊಂಡಿರುವ, ನಮಗೆ ಪಾಠ ಹೇಳಿದ ಮೇಷ್ಟ್ರು ಇದ್ದಾರೆ. ಬಂಗಾರಪೇಟೆಗೆ ಮದುವೆಯಾಗಿ ಹೋದ ನಮ್ಮ ಚಿಕ್ಕಪ್ಪನ ಮಗಳೂ ಇದ್ದಾಳೆ. ಅವಳ ಫೋನ್ ಬೆಳಗ್ಗೆ, ರಾತ್ರಿ ಬೇರೆಯವರ ಕೈಯಲ್ಲಿರುತ್ತದೆ. ಅವಳಿಗೆ ಮಧ್ಯಾಹ್ನ ಎರಡರ ಮೇಲೆ ಮಾಡಬೇಕು. ಆಗ ಅವಳೇ ಎತ್ತುತ್ತಾಳೆ, ಮನಸ್ಸಿಗೆ ಬಂದದ್ದು ಮಾತಾಡುತ್ತಾಳೆ.